ಪ್ರತಿಭಾ ಪರೀಕ್ಷೆಯಲ್ಲಿ ತಿಂಗಳ ಲೆಕ್ಕದ ವಯಸ್ಸು: ಅಂಕ ಹೊಂದಿಸಬೇಕಾ, ಹೊಂದಿಸುವುದಾದರೆ ಹೇಗೆ?

ಪಡುಬಿದ್ರಿ ಶನಿವಾರ:

ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ 5ನೇ ತರಗತಿ ಮಕ್ಕಳಿಗೆ ಶನಿವಾರ ಮಧ್ಯಾಹ್ನದ ಗಣಿತ–ವಿಜ್ಞಾನ ಪ್ರತಿಭಾ ತರಗತಿ ಶುರು ಮಾಡುವ ಯೋಚನೆ ಉಂಟು. 40 ಸೀಟು. 60 ಪ್ರಶ್ನೆಯ ಒಂದು ಪರೀಕ್ಷೆ, ಜನವರಿಯಲ್ಲಿ. ಸಮಿತಿಯಲ್ಲಿ ಎರಡು ಪಂಗಡ ಆಗಿದೆ. ಒಂದು ಪಂಗಡ ಹೇಳುವುದು: ಒಂದೇ ತರಗತಿಯಲ್ಲಿ ಒಂದೂವರೆ ವರ್ಷ ದೊಡ್ಡ ಮಗು, ಸಣ್ಣ ಮಗು ಒಟ್ಟಿಗೆ ಇರುವಾಗ ಬರೀ ಅಂಕ ನೋಡಿದರೆ ಸಣ್ಣವರಿಗೆ ಅನ್ಯಾಯ, ವಯಸ್ಸಿಗೆ ತಕ್ಕ ಹಾಗೆ ಹೊಂದಿಸಿ. ಇನ್ನೊಂದು ಪಂಗಡ: ಬರೆದದ್ದಕ್ಕೆ ಮಾತ್ರ ಅಂಕ, ಹುಟ್ಟಿದ ದಿನಕ್ಕೆ ಅಂಕ ಇಲ್ಲ. ಲೆಕ್ಕ ಗೊತ್ತಿದ್ದವರು ಹೇಳಿ. "ಎಲ್ಲ ಮಕ್ಕಳೂ ಪ್ರತಿಭಾವಂತರೇ" ಎಂಬ ಉತ್ತರ ಬೇಡ, ಅದನ್ನು ಸಮಿತಿಯಲ್ಲೇ ಬೇಕಾದಷ್ಟು ಕೇಳಿ ಆಗಿದೆ.

ಅಂಕಿಗೂಡು:

ಮೊದಲು ವಯಸ್ಸಿನ ಹರವು ಎಷ್ಟೆಂದು ನೋಡುವ. 2025–26ರಲ್ಲಿ 5ರಲ್ಲಿ ಇರುವವರು 2021ರಲ್ಲಿ 1ನೇ ತರಗತಿಗೆ ಸೇರಿದವರು. ಆಗ ಇದ್ದ ನಿಯಮ ಜೂನ್ 1ಕ್ಕೆ 5 ವರ್ಷ 5 ತಿಂಗಳಿಂದ 7 ವರ್ಷದೊಳಗೆ. ಅಂದರೆ 2014ರ ಜೂನ್‌ನಿಂದ 2016ರ ಜನವರಿ 1ರ ತನಕ ಹುಟ್ಟಿದವರು ಒಂದೇ ಬೆಂಚಿನಲ್ಲಿ ಇರಬಹುದು, 19 ತಿಂಗಳ ಅಂತರ. 2026ರ ಜನವರಿಯಲ್ಲಿ ಪರೀಕ್ಷೆ ಇಟ್ಟರೆ ಅತಿ ಸಣ್ಣವನಿಗೆ 10 ವರ್ಷ, ಅತಿ ದೊಡ್ಡವನಿಗೆ 11 ವರ್ಷ 7 ತಿಂಗಳು.

ಇದರಿಂದ ಅಂಕ ಬದಲಾಗುತ್ತದಾ? ಆಗುತ್ತದೆ, ಇದರಲ್ಲಿ ವಿವಾದ ಇಲ್ಲ. ಬೆಡಾರ್ಡ್ ಮತ್ತು ಡ್ಯೂಯೆ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಅಂತರರಾಷ್ಟ್ರೀಯ ಗಣಿತ–ವಿಜ್ಞಾನ ಪರೀಕ್ಷೆಯ ಅಂಕ ತೆಗೆದು ಹಲವು ದೇಶಗಳನ್ನು ನೋಡಿದರು. 4ನೇ ತರಗತಿಯಲ್ಲಿ ಅತಿ ಕಿರಿಯರು ಅತಿ ಹಿರಿಯರಿಗಿಂತ 4ರಿಂದ 12 ಪರ್ಸೆಂಟೈಲ್ (ನೂರು ಮಂದಿಯ ಸಾಲಿನಲ್ಲಿ ಅಷ್ಟು ಸ್ಥಾನ) ಹಿಂದೆ, 8ನೇ ತರಗತಿಯಲ್ಲಿ 2ರಿಂದ 9. ವ್ಯತ್ಯಾಸ ಕರಗುತ್ತದೆ, ಆದರೆ ಮಾಯ ಆಗುವುದಿಲ್ಲ. ಸರಾಸರಿಯಲ್ಲಿ ಸಣ್ಣದಾಗಿ ಕಾಣುವ ಈ ವ್ಯತ್ಯಾಸ ಆಯ್ಕೆಯ ತುದಿಯಲ್ಲಿ ದೊಡ್ಡದಾಗುತ್ತದೆ. ಸಾವಿರದಲ್ಲಿ 40 ಮಂದಿಯನ್ನು ಆರಿಸುವಾಗ ಸರಾಸರಿ ಸ್ವಲ್ಪ ಸರಿದರೂ ತುದಿಯಲ್ಲಿ ನಿಂತವರ ಎಣಿಕೆ ಬಹಳ ಬದಲಾಗುತ್ತದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಜನವರಿ–ಮಾರ್ಚ್‌ನಲ್ಲಿ ಹುಟ್ಟಿದವರೇ ತುಂಬಿದ್ದಾರೆಂದು 1985ರಲ್ಲಿ ಬಾರ್ನ್ಸ್ಲಿ ತೋರಿಸಿದ್ದೂ ಇದೇ ಕಾರಣದ್ದು, ಅಲ್ಲಿ ವಯಸ್ಸಿನ ಗುಂಪಿನ ಗೆರೆ ಜನವರಿ 1.

ಕುಂದಾಪ್ರ ಚಾಕ್‌ಪೀಸು:

6ನೇ ತರಗತಿಗೆ ಪರೀಕ್ಷೆ ಮಾಡಿ ಸೇರಿಸುವ ನವೋದಯ ಶಾಲೆಯವರು ಹೊಂದಿಸ್ತಾರಾ? ಇಲ್ಲ. ಉಡುಪಿಯವರ ಚೇರ್ಕಾಡಿ ನವೋದಯ ಆಗಲಿ ದಕ್ಷಿಣ ಕನ್ನಡದವರ ಮುಡಿಪು ನವೋದಯ ಆಗಲಿ, ಲೆಕ್ಕ ಒಂದೇ: 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಗಣಿತ 20, ಭಾಷೆ 20, ಪ್ರತಿಯೊಂದಕ್ಕೂ ಒಂದೂಕಾಲು ಅಂಕ. ತಪ್ಪಿಗೆ ಕಡಿತ ಇಲ್ಲ. ವಯಸ್ಸಿಗೆ ಒಂದು ಗೆರೆ ಮಾತ್ರ: 2026–27ರ ಪ್ರವೇಶಕ್ಕೆ 2014 ಮೇ 1ರಿಂದ 2016 ಜುಲೈ 31. ಅದು 27 ತಿಂಗಳು. ಒಳಗೆ ಬಂದ ಮೇಲೆ ಒಂಬತ್ತೂವರೆ ವರ್ಷದವನಿಗೂ ಹನ್ನೊಂದೂಮುಕ್ಕಾಲು ವರ್ಷದವನಿಗೂ ಒಂದೇ ತಕ್ಕಡಿ. ಸೈನಿಕ ಶಾಲೆಯ 6ನೇ ತರಗತಿಗೂ ಹಾಗೆಯೇ, ಮಾರ್ಚ್ 31ಕ್ಕೆ 10ರಿಂದ 12 ವರ್ಷ, ಒಳಗೆ ಹೊಂದಾಣಿಕೆ ಇಲ್ಲ. ದೇಶದ ದೊಡ್ಡ ಪರೀಕ್ಷೆಗಳೇ ಮಾಡದ್ದನ್ನು ಶನಿವಾರದ ತರಗತಿ ಮಾಡ್ಲಿಕ್ಕೆ ಹೊರಟರೆ ಪೋಷಕರಿಗೆ ಹೇಗೆ ಒಪ್ಪಿಸುವುದು?

ಮನೋಲೆಕ್ಕ:

ಅವರು ಮಾಡದೇ ಇರುವುದರಿಂದ ಅದೇ ಸರಿ ಅಂತ ಆಗ್ಲಿಕ್ಕಿಲ್ಲ. ವಯಸ್ಸಿಗೆ ಹೊಂದಿಸುವುದು ಹೊಸ ಕಲ್ಪನೆ ಅಲ್ಲ, ಬುದ್ಧಿ ಪರೀಕ್ಷೆಯ ಅಡಿಪಾಯವೇ ಅದು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ 1908ರಲ್ಲಿ ಮಾನಸಿಕ ವಯಸ್ಸಿನ ಲೆಕ್ಕ ತಂದರು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದಲ್ಲಿ ಉತ್ತರ ಕೊಡುತ್ತದೆ ಎಂಬುದು. ಸ್ಟರ್ನ್ 1912ರಲ್ಲಿ ಅದನ್ನು ನಿಜ ವಯಸ್ಸಿನಿಂದ ಭಾಗಿಸಿದರು. ನಮ್ಮಲ್ಲೇ ವಿ. ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ವೆಕ್ಸ್ಲರ್ 1939ರಲ್ಲಿ ಭಾಗಾಕಾರ ಬಿಟ್ಟು, ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಎಂಬ ಅಳತೆಗೆ ಬಂದರು, ಸರಾಸರಿ 100, ವಿಚಲನೆ (ಸರಾಸರಿಯ ಸುತ್ತ ಅಂಕ ಎಷ್ಟು ಹರಡಿದೆ ಎಂಬ ಅಳತೆ) 15.

ಶಾಲಾ ಆಯ್ಕೆಯಲ್ಲಿ ಇದನ್ನು ಬಹುಕಾಲದಿಂದ ಮಾಡುತ್ತಿರುವುದು ಇಂಗ್ಲೆಂಡಿನ 11 ವರ್ಷದ ಮಕ್ಕಳ ಗ್ರಾಮರ್ ಶಾಲೆ ಪರೀಕ್ಷೆ. ಎಡಿನ್‌ಬರೋದ ಮೋರೆ ಹೌಸ್‌ನಲ್ಲಿ ಗಾಡ್‌ಫ್ರೆ ಥಾಮ್ಸನ್ ಕಟ್ಟಿದ ಪರೀಕ್ಷೆಗಳ ಕಾಲದಿಂದ ತಿಂಗಳ ಲೆಕ್ಕದ ವಯಸ್ಸಿಗೆ ತಕ್ಕ ಅಂಕದ ಭತ್ಯೆ ಉಂಟು. ಈಗಲೂ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121 ಬಂದರೆ ಅರ್ಹತೆ, ಆ 121 ವಯಸ್ಸಿಗೆ ಹೊಂದಿಸಿದ ಅಂಕ. ಅಮೆರಿಕದ ಶಾಲೆಗಳ ಕಾಗ್‌ಎಟಿ ಎಂಬ ಸಾಮರ್ಥ್ಯ ಪರೀಕ್ಷೆಯಲ್ಲಿ ಒಂದೇ ಮಗುವಿಗೆ ಎರಡು ಶ್ರೇಣಿ ಕೊಡುತ್ತಾರೆ: ಅದೇ ವಯಸ್ಸಿನವರೊಳಗೆ ಎಲ್ಲಿ, ಅದೇ ತರಗತಿಯವರೊಳಗೆ ಎಲ್ಲಿ. ಎರಡು ಯಾಕೆ ಎಂಬುದರಲ್ಲೇ ಈ ಚರ್ಚೆಯ ಜೀವ ಇರುವುದು.

ನಿಮ್ಮ ತರಗತಿ ಮಗುವನ್ನು ಮುಂದಿನ ಪಾಠಕ್ಕೆ ಈಗಲೇ ಎತ್ತಿ ಹಾಕುವಂಥದ್ದಾದರೆ, ಅಂದರೆ 5ರವನಿಗೆ 7ರ ಬೀಜಗಣಿತ ಹೇಳುವುದಾದರೆ, ತರಗತಿಯೊಳಗಿನ ಸ್ಥಾನ ನೋಡಬೇಕು. ಆ ಪಾಠ ಹಿಡಿಯುವ ಸಿದ್ಧತೆ ಇವತ್ತು ಇದೆಯಾ ಎಂಬುದೇ ಪ್ರಶ್ನೆ, ಹುಟ್ಟಿದ ತಿಂಗಳಲ್ಲ. ಆದರೆ ಈಗ ಆರಿಸಿ 8ನೇ ತರಗತಿ ತನಕ ಜತೆಯಲ್ಲಿ ಇಟ್ಟುಕೊಳ್ಳುವುದಾದರೆ ವಯಸ್ಸಿನೊಳಗಿನ ಸ್ಥಾನ ನೋಡಬೇಕು. ದೊಡ್ಡ ಮಗುವಿನ ಇವತ್ತಿನ ಮುನ್ನಡೆಯಲ್ಲಿ ಒಂದು ಪಾಲು ಮೂರು ವರ್ಷದಲ್ಲಿ ಕರಗುವಂಥದ್ದು. ಅದಕ್ಕೆ ಸೀಟು ಕೊಟ್ಟರೆ ಸೀಟು ಪೋಲು.

ಪಡುಬಿದ್ರಿ ಶನಿವಾರ:

8ರ ತನಕ ಇಟ್ಟುಕೊಳ್ಳುವುದೇ ಯೋಚನೆ. ಪಾಠ ಮುಂದೆ ಓಡಿಸುವುದಿಲ್ಲ, ಅದೇ ಮಟ್ಟದ ಕಷ್ಟದ ಲೆಕ್ಕ, ಪ್ರಯೋಗ. ಹಾಗಾದರೆ ಹೊಂದಿಸುವುದು ಸರಿ ಅಂತ ಇಟ್ಟುಕೊಳ್ಳುವ. ಹೇಗೆ?

ಅಂಕಿಗೂಡು:

ಒಂದು ಕಾಲ್ಪನಿಕ ಉದಾಹರಣೆ ಹಾಕುತ್ತೇನೆ, ಸಂಖ್ಯೆಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ.

60 ಅಂಕದ ಪರೀಕ್ಷೆ. ಎಲ್ಲ ಮಕ್ಕಳ ಸರಾಸರಿ ವಯಸ್ಸು 130 ತಿಂಗಳು, ಸರಾಸರಿ ಅಂಕ 31. ವಯಸ್ಸು ಒಂದು ತಿಂಗಳು ಹೆಚ್ಚಾದ ಹಾಗೆ ಅಂಕ ಸರಾಸರಿ 0.35 ಏರುತ್ತದೆ, ಇದು ಇಳಿಜಾರು. ಒಂದೇ ವಯಸ್ಸಿನವರೊಳಗೆ ಅಂಕದ ವಿಚಲನೆ 9.

ಮೊದಲನೆಯ ಮಗು 124 ತಿಂಗಳು, 43 ಅಂಕ. ಆ ವಯಸ್ಸಿಗೆ ನಿರೀಕ್ಷೆ 31ರಿಂದ 6 × 0.35 ಕಳೆದು 28.9. ವ್ಯತ್ಯಾಸ 14.1. ಅದನ್ನು 9ರಿಂದ ಭಾಗಿಸಿ 15ರಿಂದ ಗುಣಿಸಿ 100 ಸೇರಿಸಿ: 123.5.

ಎರಡನೆಯ ಮಗು 136 ತಿಂಗಳು, 46 ಅಂಕ. ನಿರೀಕ್ಷೆ 33.1. ವ್ಯತ್ಯಾಸ 12.9. ಹೊಂದಿಸಿದ ಅಂಕ 121.5.

ಕಚ್ಚಾ ಅಂಕದಲ್ಲಿ 3 ಹಿಂದೆ ಇದ್ದ ಮಗು ಈಗ 2 ಮುಂದೆ. ಒಂದು ವರ್ಷದ ವಯಸ್ಸಿಗೆ, ಹೊಂದಿಸಿದ ಅಂಕದ ಅಳತೆಯಲ್ಲಿ, ಒಟ್ಟು 7 ಅಂಶದ ಹೊಂದಾಣಿಕೆ ಆಯಿತು. ಪರೀಕ್ಷೆಯ ವಿಶ್ವಾಸಾರ್ಹತೆ (ಮತ್ತೆ ಬರೆಸಿದರೆ ಅಂಕ ಎಷ್ಟು ತಾಳೆ ಆಗುತ್ತದೆ ಎಂಬ ಅಳತೆ, ಪೂರ್ತಿ ಆದರೆ 1) 0.90 ಇದ್ದರೂ ಒಬ್ಬರ ಅಂಕದ ಸಹಜ ತೂಗಾಟವೇ 4.7 ಅಂಶ, ಇಬ್ಬರ ನಡುವಿನ ವ್ಯತ್ಯಾಸದ್ದು 6.7. ಆದ್ದರಿಂದ ಈ ಎರಡು ಅಂಶ ಇಟ್ಟುಕೊಂಡು ಇವನು ಅವನಿಗಿಂತ ಬುದ್ಧಿವಂತ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಹೊಂದಾಣಿಕೆ ಸರಿಮಾಡುವುದು ಗುಂಪಿನ ವಾಲಿಕೆಯನ್ನು, ಒಬ್ಬೊಬ್ಬನ ಅಳತೆಯ ತೂಗಾಟವನ್ನಲ್ಲ.

ಸುರತ್ಕಲ್ ನೋಟ್‌ಬುಕ್:

ಲೆಕ್ಕ ಚಂದ ಉಂಟು. ಆದರೆ ಆ 0.35 ಎಲ್ಲಿಂದ ಬರುವುದು ಮಾರಾಯ್ರೆ? ಇಂಗ್ಲೆಂಡಿನ ಪಟ್ಟಿಯನ್ನು ಇಲ್ಲಿಗೆ ತಂದರೆ ಆಗ್ಲಿಕ್ಕಿಲ್ಲ. ಅಲ್ಲಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರ ತನಕ ಹುಟ್ಟಿದವರು ಹೆಚ್ಚುಕಡಿಮೆ ಎಲ್ಲರೂ ಒಂದೇ ತರಗತಿ, ಯಾರೂ ಹಿಂದೆ ಮುಂದೆ ಹೋಗುವುದು ಕಡಿಮೆ. ಇಲ್ಲಿ ಯಾರು ದೊಡ್ಡ ವಯಸ್ಸಿಗೆ ಸೇರುತ್ತಾರೆ, ಯಾರು ಸಣ್ಣ ವಯಸ್ಸಿಗೆ ಸೇರುತ್ತಾರೆ ಎಂಬುದೇ ಬೇರೆ ಕಥೆ.

ಅಂಕಿಗೂಡು:

ಸರಿಯಾಗಿ ಹಿಡಿದಿರಿ. ಹೆಚ್ಚಿನವರು ಬೀಳುವ ಹೊಂಡ ಇದೇ.

ಎಲ್ಲ ಮಕ್ಕಳ ಅಂಕ, ವಯಸ್ಸು ಒಂದೇ ರಾಶಿಗೆ ಹಾಕಿ ಇಳಿಜಾರು ತೆಗೆದರೆ ಅದು ಸೊನ್ನೆ ಬರಬಹುದು, ಋಣ ಕೂಡ ಬರಬಹುದು. ದೊಡ್ಡ ಮಕ್ಕಳ ಬುದ್ಧಿ ಕಡಿಮೆ ಅಂತ ಅದರ ಅರ್ಥ ಅಲ್ಲ. ಎಲ್‌ಕೆಜಿ, ಯುಕೆಜಿ ಮುಗಿಸಿ ಐದೂವರೆಗೇ 1ಕ್ಕೆ ಸೇರಿದವರು ಹೆಚ್ಚಾಗಿ ಖಾಸಗಿ ಶಾಲೆಯವರು. ಆರೂವರೆಗೆ ಸೇರಿದವರಲ್ಲಿ ವಲಸೆ ಕಾರ್ಮಿಕರ ಮಕ್ಕಳು, ಒಂದು ವರ್ಷ ತಪ್ಪಿಸಿಕೊಂಡವರು ಹೆಚ್ಚು. ವಯಸ್ಸಿನ ಜತೆ ಮನೆಯ ಸ್ಥಿತಿ, ಶಾಲೆ ಎರಡೂ ಸೇರಿಕೊಂಡು ನಿಜ ಇಳಿಜಾರನ್ನು ಮುಚ್ಚಿಬಿಡುತ್ತವೆ. ಹಾಗೆ ಬಂದ ಸೊನ್ನೆಯನ್ನು ನಂಬಿ "ನಮ್ಮಲ್ಲಿ ವಯಸ್ಸಿನ ಪರಿಣಾಮ ಇಲ್ಲ" ಅಂತ ತೀರ್ಮಾನ ಮಾಡಿದರೆ ಕೆಟ್ಟಿತು.

ದಾರಿ ಹೀಗೆ. ಪ್ರತಿ ಶಾಲೆಯ ಸರಾಸರಿ ವಯಸ್ಸು, ಸರಾಸರಿ ಅಂಕ ತೆಗೆಯಿರಿ. ಪ್ರತಿ ಮಗುವಿನ ವಯಸ್ಸಿನಿಂದ ಅವರ ಶಾಲೆಯ ಸರಾಸರಿ ವಯಸ್ಸು ಕಳೆಯಿರಿ, ಅಂಕದಿಂದ ಶಾಲೆಯ ಸರಾಸರಿ ಅಂಕ ಕಳೆಯಿರಿ. ಉಳಿದ ಎರಡು ಕಾಲಂಗಳ ನಡುವೆ ಇಳಿಜಾರು ತೆಗೆಯಿರಿ. ಈಗ ಹೋಲಿಕೆ ಒಂದೇ ಶಾಲೆಯೊಳಗಿನ ದೊಡ್ಡವರು–ಸಣ್ಣವರ ನಡುವೆ ಮಾತ್ರ. ಸೇರುವಾಗ ಒಂದು ವರ್ಷ ತಡ ಆದವರನ್ನು, ಒಂದು ವರ್ಷ ಹಿಂದೆ ಉಳಿದವರನ್ನು ಈ ಲೆಕ್ಕದಿಂದ ಹೊರಗಿಡಿ. ಅವರಿಗೆ ಪರೀಕ್ಷೆ ಬರೆಯಲಿಕ್ಕೆ ಅಡ್ಡಿ ಇಲ್ಲ, ಇಳಿಜಾರು ಅಳೆಯಲಿಕ್ಕೆ ಮಾತ್ರ ಬೇಡ.

ಇನ್ನೊಂದು ಎಚ್ಚರ: ಈ ಅಳತೆಗೆ ಅರ್ಜಿ ಹಾಕಿ ಬಂದ ಮಕ್ಕಳು ಸಾಕಾಗುವುದಿಲ್ಲ, ಇಡೀ ತರಗತಿಗಳೇ ಬೇಕು. ಅರ್ಜಿ ಹಾಕುವವರು ಆಗಲೇ ಸೋಸಿ ಬಂದವರು. ಸಣ್ಣ ವಯಸ್ಸಿನವರಲ್ಲಿ ಬಹಳ ಚುರುಕಾದವರು ಮಾತ್ರ ಅರ್ಜಿ ಹಾಕುತ್ತಾರೆ, ಇಳಿಜಾರು ಚಪ್ಪಟೆ ಆಗುತ್ತದೆ.

ಕುಂದಾಪ್ರ ಚಾಕ್‌ಪೀಸು:

ಶಾಲೆಯ ಸರಾಸರಿ ಅಂತ ಹೇಳಿದಿರಿ. ಬೈಂದೂರು ಕಡೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ 5ನೇ ತರಗತಿಯಲ್ಲಿ ಒಟ್ಟು ಆರೇಳು ಮಕ್ಕಳು. ಎಂತ ಸರಾಸರಿ?

ಅಂಕಿಗೂಡು:

ಹಾಗಿದ್ದಲ್ಲಿ ಹತ್ತಿರದ ಶಾಲೆಗಳನ್ನು ಕ್ಲಸ್ಟರ್ ಮಟ್ಟಕ್ಕೆ ಸೇರಿಸಿ, ಸರ್ಕಾರಿ ಬೇರೆ, ಖಾಸಗಿ ಬೇರೆ. ಗುಂಪಿಗೆ 15 ಮಕ್ಕಳಾದರೂ ಇರಲಿ.

ಒಟ್ಟು ಎಷ್ಟು ಮಕ್ಕಳು ಬೇಕು ಎಂಬುದಕ್ಕೂ ಲೆಕ್ಕ ಉಂಟು. 19 ತಿಂಗಳು ಸಮನಾಗಿ ಹರಡಿದ್ದರೆ ವಯಸ್ಸಿನ ವಿಚಲನೆ ಸುಮಾರು ಐದೂವರೆ ತಿಂಗಳು. 200 ಮಕ್ಕಳಿಂದ ಅಳೆದರೆ 0.35 ಎಂಬ ಇಳಿಜಾರು ನಿಜವಾಗಿ 0.12ರಿಂದ 0.58ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಒಂದು ವರ್ಷದ ವ್ಯತ್ಯಾಸಕ್ಕೆ ಎರಡೂವರೆ ಅಂಶ ಕೊಡಬೇಕಾ, ಹನ್ನೊಂದೂವರೆ ಕೊಡಬೇಕಾ ಎಂಬುದೇ ಗೊತ್ತಿಲ್ಲ. 1,000 ಮಕ್ಕಳಾದರೆ 0.25ರಿಂದ 0.45. ಶಾಲೆ ಸರಾಸರಿ ಕಳೆದ ಮೇಲೆ ವಯಸ್ಸಿನ ಹರವು ಇನ್ನೂ ಕಿರಿದಾಗುತ್ತದೆ, ಆದ್ದರಿಂದ ಸಾವಿರಕ್ಕೆ ಕಡಿಮೆ ಇದ್ದರೆ ಹೊಂದಾಣಿಕೆಗೆ ಕೈ ಹಾಕಬೇಡಿ. ನೂರಿನ್ನೂರು ಮಕ್ಕಳ ಅಂಕದಲ್ಲಿ ಪಟ್ಟಿ ಮಾಡಿ ಎರಡು ದಶಮಾಂಶ ತನಕ ಅಂಕ ಪ್ರಕಟಿಸುವವರಿಗಿಂತ ಕಚ್ಚಾ ಅಂಕ ಹಾಕುವವರು ಪ್ರಾಮಾಣಿಕರು.

ಮನೋಲೆಕ್ಕ:

ಇದಕ್ಕೆ ಸೇರಿಸುವುದು: ವಯಸ್ಸು ಬೇರೆ, ಶಾಲೆಯಲ್ಲಿ ಕಲಿತ ವರ್ಷ ಬೇರೆ. ಕಹಾನ್ ಮತ್ತು ಕೋಹೆನ್ 1989ರಲ್ಲಿ ಜೆರುಸಲೇಮಿನ 4, 5, 6ನೇ ತರಗತಿಯ ಮಕ್ಕಳಲ್ಲಿ ಇವೆರಡನ್ನು ಬಿಡಿಸಿ ನೋಡಿದರು. ಹೆಚ್ಚಿನ ಪರೀಕ್ಷೆಗಳಲ್ಲಿ ಒಂದು ವರ್ಷದ ಶಾಲೆಯ ಪರಿಣಾಮ ಒಂದು ವರ್ಷದ ವಯಸ್ಸಿನ ಪರಿಣಾಮಕ್ಕಿಂತ ದೊಡ್ಡದು. ಆದ್ದರಿಂದ 4 ಮತ್ತು 5ನೇ ತರಗತಿಯವರನ್ನು ಒಂದೇ ಪಟ್ಟಿಯಲ್ಲಿ ಬರೀ ವಯಸ್ಸಿನ ಮೇಲೆ ಹೊಂದಿಸಬೇಡಿ. ಹಾಗೆ ಮಾಡಿದರೆ ಒಂದು ತರಗತಿ ಮುಂದೆ ಇರುವ ಕಿರಿಯ ಮಗುವಿಗೆ ಶಾಲೆಯ ಲಾಭವೂ, ವಯಸ್ಸಿನ ಭತ್ಯೆಯೂ ಎರಡೂ ಸಿಗುತ್ತದೆ.

ಸುರತ್ಕಲ್ ನೋಟ್‌ಬುಕ್:

ತಡವಾಗಿ ಸೇರಿದ ಬಡ ಮಗುವಿನ ವಿಷಯ ಇನ್ನೂ ಬಿಡಿಸಿಲ್ಲ. ಆ ಮಗುವಿಗೆ 11 ವರ್ಷ 6 ತಿಂಗಳು ಅಂತ ಇಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತದ್ದು ಉಳಿದವರಷ್ಟೇ, ಬಾಲವಾಡಿಯೂ ಇಲ್ಲ. ನಿಮ್ಮ ಹೊಂದಾಣಿಕೆ ಅವನ ಅಂಕ ಇಳಿಸುತ್ತದೆ. ಕಿರಿಯ ಮಗುವಿಗೆ ನ್ಯಾಯ ಮಾಡಲು ಹೋಗಿ ಅತಿ ಹಿಂದೆ ಇದ್ದವನಿಂದ ಕಿತ್ತುಕೊಂಡ ಹಾಗೆ ಆಯ್ತಲ್ಲ?

ಮನೋಲೆಕ್ಕ:

ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಅರ್ಧ ಉತ್ತರ ಉಂಟು. ಭತ್ಯೆಗೆ ಮೇಲ್ಮಿತಿ ಹಾಕಿ. ತರಗತಿಯ ಸಾಮಾನ್ಯ 12 ತಿಂಗಳ ಕಿಟಕಿಗಿಂತ ದೊಡ್ಡವರನ್ನು ಆ ಕಿಟಕಿಯ ಅತಿ ಹಿರಿಯ ವಯಸ್ಸಿನವರೆಂದೇ ಎಣಿಸಿ, ಅದಕ್ಕಿಂತ ಹೆಚ್ಚು ಕಡಿತ ಬೇಡ. ಬೇಗ ಸೇರಿದವರಿಗೂ ಹಾಗೆಯೇ, ಕಿಟಕಿಯ ಅತಿ ಕಿರಿಯ ವಯಸ್ಸಿನ ಭತ್ಯೆಗಿಂತ ಹೆಚ್ಚು ಬೇಡ. ಯಾಕೆಂದರೆ ಬೇಗ ಸೇರಿಸಿದ್ದು ಮನೆಯವರ ಆಯ್ಕೆ. ಹುಟ್ಟಿದ ತಿಂಗಳು ಯಾರ ಆಯ್ಕೆಯೂ ಅಲ್ಲ, ಭತ್ಯೆ ಅದಕ್ಕೆ ಮಾತ್ರ.

ಕಡತ ಕೋಣೆ:

ನೀವೆಲ್ಲ ಹುಟ್ಟಿದ ದಿನ ಸರಿ ಇದೆ ಅಂತ ಇಟ್ಟುಕೊಂಡು ಮಾತಾಡ್ತಾ ಇದ್ದೀರಿ. ಅದನ್ನು ಮೊದಲು ನೋಡಿ.

ಅಪ್ಪ–ಅಮ್ಮಂದಿರ ತಲೆಮಾರಿನಲ್ಲಿ ಜೂನ್ 1 ಎಂದರೆ ಮೇಷ್ಟ್ರು ಹಾಕಿದ ದಿನ. ಈಗಿನ ಮಕ್ಕಳಲ್ಲಿ ಅದು ಬಹಳ ಕಡಿಮೆ. ನಮ್ಮ ಎರಡು ಜಿಲ್ಲೆಯಲ್ಲಿ ಹೆರಿಗೆ ಆಸ್ಪತ್ರೆಯಲ್ಲೇ, ಇ–ಜನ್ಮ ಎಂಬ ಸರ್ಕಾರಿ ಜನನ ನೋಂದಣಿ ವ್ಯವಸ್ಥೆಯಲ್ಲಿ ನೋಂದಣಿ ಆಗಿರುತ್ತದೆ. ಉಳಿದಿರುವ ತೊಂದರೆ ಹೊರಗಿನಿಂದ ದುಡಿಯಲು ಬಂದವರ ಮಕ್ಕಳಲ್ಲಿ. ಒಂದು ವರ್ಷ ದಾಟಿದ ಮೇಲೆ ಜನನ ನೋಂದಣಿ ಮಾಡಬೇಕಾದರೆ ದಂಡಾಧಿಕಾರಿಯ ಆದೇಶ ಬೇಕು, ಅದಕ್ಕೆ ಓಡಾಡುವವರು ಯಾರು? ಶಾಲೆಯಲ್ಲಿ ಹೇಳಿದ ದಿನವೇ ಎಸ್‌ಎಟಿಎಸ್ ಎಂಬ ಸರ್ಕಾರದ ವಿದ್ಯಾರ್ಥಿ ದಾಖಲೆಗೆ ಹೋಗಿರುತ್ತದೆ.

ಪರೀಕ್ಷಿಸುವ ಸುಲಭ ದಾರಿ: ಹುಟ್ಟಿದ ದಿನಾಂಕವಾರು ಎಣಿಕೆ ತೆಗೆಯಿರಿ. 1,000 ಮಕ್ಕಳಿದ್ದರೆ ವರ್ಷ ಬಿಟ್ಟು ದಿನ–ತಿಂಗಳು ಮಾತ್ರ ನೋಡಿದಾಗ ಒಂದು ದಿನಾಂಕಕ್ಕೆ ಸುಮಾರು 3 ಮಕ್ಕಳು ಬರಬೇಕು. ಜೂನ್ 1, ಜನವರಿ 1, ಯಾವುದಾದರೂ ತಿಂಗಳ 1ನೇ ತಾರೀಕಿನಲ್ಲಿ 15–20 ಬಂದರೆ ಆ ಮಕ್ಕಳ ಪ್ರಮಾಣಪತ್ರ ಬೇರೆಯಾಗಿ ನೋಡಿ. ಪತ್ರ ಇಲ್ಲದವರನ್ನು ಹೊರಗೆ ಹಾಕಬೇಡಿ, ಹೊಂದಾಣಿಕೆ ಇಲ್ಲದೆ ಸರಾಸರಿ ವಯಸ್ಸಿನವರೆಂದು ಎಣಿಸಿ.

ಇನ್ನು ಕಂಪ್ಯೂಟರಿನದ್ದು. ಎಕ್ಸೆಲ್ ಅಮೆರಿಕದ ಪದ್ಧತಿಯಲ್ಲಿ ಇದ್ದರೆ 05–06–2015 ಎಂದು ಟೈಪ್ ಮಾಡಿದ ಜೂನ್ 5ನ್ನು ಮೇ 6 ಮಾಡುತ್ತದೆ. ತಾರೀಕು 12ರೊಳಗೆ ಇದ್ದವರಿಗೆಲ್ಲ ತಿಂಗಳು ಅದಲು ಬದಲು, 03–11 ಇದ್ದವರಿಗೆ ಎಂಟು ತಿಂಗಳ ವ್ಯತ್ಯಾಸ. 12ರ ಮೇಲಿನ ತಾರೀಕುಗಳು ದಿನಾಂಕವೇ ಆಗದೆ ಅಕ್ಷರವಾಗಿ ಉಳಿಯುತ್ತವೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿದೆ ಅಂತ ಗ್ಯಾರಂಟಿ. ದಿನ, ತಿಂಗಳು, ವರ್ಷ ಮೂರು ಬೇರೆ ಕಾಲಂನಲ್ಲಿ ತುಂಬಿಸಿ, ಆಮೇಲೆ ಸೂತ್ರದಿಂದ ಜೋಡಿಸಿ.

ಅಂಕಿಗೂಡು:

ಒಳ್ಳೆಯ ಮಾತು. ವಯಸ್ಸು ಲೆಕ್ಕ ಮಾಡುವುದು ಪರೀಕ್ಷೆಯ ದಿನಕ್ಕೆ, ಜೂನ್ 1ಕ್ಕೆ ಅಲ್ಲ. ಮಂಗಳೂರಿನಲ್ಲಿ ಒಂದು ದಿನ, ಕುಂದಾಪುರದಲ್ಲಿ ಇನ್ನೊಂದು ದಿನ ಪರೀಕ್ಷೆ ಆದರೆ ಆಯಾ ಮಗುವಿನ ದಿನಕ್ಕೆ. ಪೂರ್ಣ ತಿಂಗಳಿಗೆ ಕತ್ತರಿಸಬೇಡಿ, ದಿನಗಳನ್ನು 30.44ರಿಂದ ಭಾಗಿಸಿ.

ಗುಂಪು ಮಾಡುವುದು ಬೇಡ. "10 ವರ್ಷ 0–5 ತಿಂಗಳು, 6–11 ತಿಂಗಳು" ಅಂತ ಆರಾರು ತಿಂಗಳ ಗುಂಪು ಮಾಡಿದರೆ ಗುಂಪಿನ ಗಡಿಯಲ್ಲಿ ಒಂದು ದಿನದ ವ್ಯತ್ಯಾಸಕ್ಕೆ ಮೂರೂವರೆ ಅಂಶ ಹಾರುತ್ತದೆ, ಮೂರು ತಿಂಗಳ ಗುಂಪಾದರೆ ಒಂದೂಮುಕ್ಕಾಲು. ಪೋಷಕರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ, ಅವರು ಕೇಳುವುದು ನ್ಯಾಯವೂ ಹೌದು. ನೇರ ಗೆರೆಯಲ್ಲಿ ಈ ಜಿಗಿತ ಇಲ್ಲ.

ಇನ್ನೊಂದು, ಎಲ್ಲಕ್ಕಿಂತ ಕೆಟ್ಟದ್ದು: ಸುಲಭದ ಪ್ರಶ್ನೆಪತ್ರಿಕೆ. ಮೇಲಿನ ಉದಾಹರಣೆಯಲ್ಲಿ ಸರಾಸರಿ 31 ಇತ್ತು. ಅದೇ 45 ಬಂತು ಅಂತ ಇಟ್ಟುಕೊಳ್ಳಿ, ಉಳಿದದ್ದು ಹಾಗೇ ಇರಲಿ. 136 ತಿಂಗಳ ಮಗು 60ಕ್ಕೆ 60 ತೆಗೆದರೂ ಹೊಂದಿಸಿದ ಅಂಕ 121.5 ಮಾತ್ರ. 124 ತಿಂಗಳ ಮಗುವಿಗೆ 60ಕ್ಕೆ 60 ಬಂದರೆ 128.5. ಆಯ್ಕೆಯ ಗೆರೆ 125 ಆಗಿದ್ದರೆ ಒಂದೂ ತಪ್ಪು ಮಾಡದ ದೊಡ್ಡ ಮಗು ಹೊರಗೆ. ಇದಕ್ಕೆ ಯಾವ ವಿವರಣೆಯೂ ನಡೆಯುವುದಿಲ್ಲ. ಪೂರ್ಣಾಂಕ ತೆಗೆದವನಿಗೆ ಇನ್ನೂ ಎಷ್ಟು ಗೊತ್ತಿತ್ತು ಎಂಬುದನ್ನು ಪತ್ರಿಕೆ ಅಳೆದೇ ಇಲ್ಲ. ಸರಾಸರಿ 25–32ರೊಳಗೆ ಬರುವ ಹಾಗೆ ಪತ್ರಿಕೆ ಕಷ್ಟ ಮಾಡಿ. 57ರ ಮೇಲೆ ಯಾರೂ ಹೋಗದಿದ್ದರೆ ಒಳ್ಳೆಯ ಪತ್ರಿಕೆ.

ಪಡುಬಿದ್ರಿ ಶನಿವಾರ:

ಹೊಸದಾಗಿ ಪತ್ರಿಕೆ ಮಾಡುವ ಬದಲು ಸಿದ್ಧ ಪರೀಕ್ಷೆ, ಸಿದ್ಧ ವಯಸ್ಸಿನ ಪಟ್ಟಿ ತೆಗೆದುಕೊಂಡರೆ? ರೇವನ್ ಮ್ಯಾಟ್ರಿಸಿಸ್ ಎಂಬ ಚಿತ್ರಗಳ ಬುದ್ಧಿ ಪರೀಕ್ಷೆ ಅಂತ ಒಬ್ಬರು ಹೇಳಿದರು. ಭಾಷೆಯೂ ಬೇಡ ಅಲ್ಲವಾ, ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿಗೆ ಒಳ್ಳೆಯದು.

ಮನೋಲೆಕ್ಕ:

ರೇವನ್‌ನ ಸ್ಟ್ಯಾಂಡರ್ಡ್ ರೂಪದಲ್ಲಿ 60 ಚಿತ್ರ, ಐದು ಗುಂಪು. ಭಾಷೆ ಬೇಡ ಎಂಬುದು ನಿಜ, ಸೂಚನೆಯನ್ನು ತುಳುವಿನಲ್ಲೂ ಹೇಳಬಹುದು. ಮೂರು ತೊಂದರೆ. ಪಟ್ಟಿ ಯಾವ ಊರಿನ ಮಕ್ಕಳದ್ದು, ಯಾವ ಕಾಲದ್ದು ಎಂಬುದು ಮೊದಲನೆಯದು. ಬುದ್ಧಿ ಪರೀಕ್ಷೆಯ ಅಂಕಗಳು ಬಹಳ ದೇಶಗಳಲ್ಲಿ ದಶಕಕ್ಕೆ ಸುಮಾರು 3 ಅಂಶದಂತೆ ಏರಿವೆ, ಹಳೆ ಪಟ್ಟಿ ಬಳಸಿದರೆ ಎಲ್ಲರೂ ಜಾಣರಾಗಿ ಕಾಣುತ್ತಾರೆ. ಮಾಲಿನ್ ಅವರ ಭಾರತೀಯ ಮಕ್ಕಳ ಪರೀಕ್ಷೆ 1969ರದ್ದು. ಯಾರಾದರೂ ಅದರಲ್ಲಿ 135 ಬಂದ ವರದಿ ತಂದು ನೇರ ಸೀಟು ಕೇಳಿದರೆ ಕೊಡಬೇಡಿ. ಎರಡನೆಯದು, ಇಂಥ ಚಿತ್ರದ ಪ್ರಶ್ನೆಗಳನ್ನು ನವೋದಯ ಕೋಚಿಂಗಿನಲ್ಲಿ ರಾಶಿ ರಾಶಿ ಬಿಡಿಸುತ್ತಾರೆ, ಅಭ್ಯಾಸದಿಂದ ಅಂಕ ಏರುತ್ತದೆ. ಮೂರನೆಯದು, ನಿಮ್ಮ ತರಗತಿ ಗಣಿತ–ವಿಜ್ಞಾನದ್ದು. ಚಿತ್ರ ಜೋಡಿಸುವ ಜಾಣ್ಮೆ ಒಂದೇ ಅದಕ್ಕೆ ಸಾಲದು.

20 ಚಿತ್ರ, 40 ಗಣಿತ ತರ್ಕ ಇಟ್ಟು, ಪಟ್ಟಿಯನ್ನು ಇಲ್ಲಿನ ಮಕ್ಕಳ ಮೇಲೆ ನೀವೇ ಮಾಡಿ. ಪ್ರಶ್ನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಪುಟದಲ್ಲಿ ಇರಲಿ. ಚಿತ್ರಕ್ಕೂ ಗಣಿತಕ್ಕೂ ಇಳಿಜಾರು ಬೇರೆ ಬೇರೆ ತೆಗೆಯಿರಿ. ಗಣಿತದ್ದು ಶಾಲೆಯ ಪಾಠದ ಜತೆ ಹೋಗುವಂಥದ್ದು, ಎರಡೂ ಒಂದೇ ಇರಬೇಕೆಂದಿಲ್ಲ.

ಸುರತ್ಕಲ್ ನೋಟ್‌ಬುಕ್:

ಮತ್ತೆ ಹೇಳುತ್ತೇನೆ, ಪರೀಕ್ಷೆಗಿಂತ ಮೊದಲೇ ಆಗುವ ಸೋಸುವಿಕೆ ಇದಕ್ಕಿಂತ ದೊಡ್ಡದು. ಸಮಿತಿಯವರು "ಪ್ರತಿ ಶಾಲೆಯಿಂದ ಶಿಕ್ಷಕರು 3 ಮಕ್ಕಳ ಹೆಸರು ಕಳಿಸಿ" ಅಂತ ಸುತ್ತೋಲೆ ಮಾಡಿದರೆ ಹೊಂದಾಣಿಕೆಯ ಲೆಕ್ಕ ಎಲ್ಲ ನೀರಿನಲ್ಲಿ ಹೋಮ. ಶಿಕ್ಷಕರು ಹೆಸರು ಕೊಡುವುದು ಮಾತು ಚುರುಕಾಗಿ ಆಡುವ, ಬರಹ ಚಂದ ಇರುವ ಮಗುವಿನದ್ದು. ಅದು ಹೆಚ್ಚಾಗಿ ದೊಡ್ಡ ವಯಸ್ಸಿನ ಮಗು. ಪಟ್ಟಿಯಲ್ಲೇ ಇಲ್ಲದ ಮಗುವಿಗೆ ಯಾವ ಭತ್ಯೆ ಕೊಡುತ್ತೀರಿ?

ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಶಿಕ್ಷಕರು–ಪೋಷಕರ ಶಿಫಾರಸು ಬಿಟ್ಟು 2ನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲ ಸುತ್ತಿನ ಪರೀಕ್ಷೆ ಕೊಟ್ಟಾಗ ಬಡ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಬಹಳ ಹೆಚ್ಚಾಗಿ ಆಯ್ಕೆ ಆದದ್ದನ್ನು ಕಾರ್ಡ್ ಮತ್ತು ಜೂಲಿಯಾನೊ 2016ರಲ್ಲಿ ಬರೆದಿದ್ದಾರೆ. ಗೆರೆ ಇಳಿಸಿದ್ದರಿಂದ ಅಲ್ಲ, ಎಲ್ಲರನ್ನೂ ಕೂರಿಸಿದ್ದರಿಂದ.

ಅಂಕಿಗೂಡು:

ಒಪ್ಪಿದೆ. ಇದು ಇಳಿಜಾರಿನ ತೊಂದರೆಯನ್ನೂ ಬಗೆಹರಿಸುತ್ತದೆ. ಮೊದಲ ಸುತ್ತು 20 ನಿಮಿಷದ 20 ಪ್ರಶ್ನೆ, ಒಪ್ಪಿದ ಶಾಲೆಗಳಲ್ಲಿ 5ನೇ ತರಗತಿಯ ಎಲ್ಲರಿಗೂ, ಅವರವರ ತರಗತಿಯಲ್ಲೇ. ಅದರಿಂದ ಮೊದಲ ಸುತ್ತಿನ ಇಳಿಜಾರು ಸಿಗುತ್ತದೆ, ಹೊಂದಿಸಿದ ಅಂಕದ ಮೇಲೆ ಮೇಲಿನ ಕಾಲು ಭಾಗವನ್ನು ಎರಡನೇ ಸುತ್ತಿಗೆ ಕರೆಯಿರಿ. ಎರಡನೇ ಸುತ್ತಿನ 60 ಪ್ರಶ್ನೆಗೆ ಇಳಿಜಾರು ಬೇಕಾದರೆ ಅದೇ ಪತ್ರಿಕೆಯನ್ನು ಅದೇ ದಿನ ಕೆಲವು ಶಾಲೆಗಳಲ್ಲಿ ಇಡೀ ತರಗತಿಗೆ ಕೊಡಬೇಕು. ಬೇರೆ ದಿನ ಕೊಟ್ಟರೆ ಪ್ರಶ್ನೆ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಇರುತ್ತದೆ.

ಕುಂದಾಪ್ರ ಚಾಕ್‌ಪೀಸು:

ಒಂದು ಮಾತು ಬಾಕಿ. 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಬೇಕೆಂಬ ನಿಯಮ ಬಂತು, 2025–26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಆ ನಿಯಮ ಹಾಗೇ ನಿಂತರೆ 2030ರ ಸುಮಾರಿಗೆ 5ಕ್ಕೆ ಬರುವ ಹೆಚ್ಚಿನ ಮಕ್ಕಳ ಹರವು 19 ತಿಂಗಳಿಂದ 12ರ ಹತ್ತಿರ ಬರಬಹುದು. ತುಳು ತಿಂಗಳ ಲೆಕ್ಕದಲ್ಲಿ ಕಾರ್ತೆಲ್, ಆಟಿಯಲ್ಲಿ (ಜೂನ್ ನಡುವಿನಿಂದ ಆಗಸ್ಟ್ ನಡುವಿನ ತನಕ) ಹುಟ್ಟಿದವರು ತರಗತಿಯ ಹಿರಿಯರು, ಪಗ್ಗು (ಏಪ್ರಿಲ್–ಮೇ) ತಿಂಗಳಿನವರು ಕಿರಿಯರು. ಆಗ ಇಳಿಜಾರು ಮತ್ತೆ ಅಳೆಯಬೇಕಾ?

ಅಂಕಿಗೂಡು:

ಬೇಕು. ಪತ್ರಿಕೆ ಬದಲಾದಾಗಲೂ ಬೇಕು, ಅಂದರೆ ಪ್ರತಿ ವರ್ಷ. ಹಳೆ 0.35 ಹಿಡಿದುಕೊಂಡು ಕೂರಬಾರದು. ಅಳೆದ ಇಳಿಜಾರು ಅದರ ತಪ್ಪಿನ ಅಂದಾಜಿನ ಎರಡು ಪಟ್ಟಿಗಿಂತ ಕಡಿಮೆ ಬಂದರೆ ಆ ವರ್ಷ ಹೊಂದಾಣಿಕೆ ಇಲ್ಲ ಅಂತ ಪರೀಕ್ಷೆಗೆ ಮೊದಲೇ ಬರೆದು ಹಾಕಿ. ಫಲಿತಾಂಶ ನೋಡಿದ ಮೇಲೆ ತೀರ್ಮಾನ ಮಾಡುವ ಸಮಿತಿಯನ್ನು ಯಾರೂ ನಂಬುವುದಿಲ್ಲ.

ಕಡತ ಕೋಣೆ:

ಫಲಿತಾಂಶ ಕೊಡುವಾಗ ಪ್ರತಿ ಪೋಷಕರಿಗೆ ನಾಲ್ಕು ಸಂಖ್ಯೆ ಕೊಡಿ: ಕಚ್ಚಾ ಅಂಕ, ನೀವು ಬಳಸಿದ ಹುಟ್ಟಿದ ದಿನ, ಆ ವಯಸ್ಸಿನ ನಿರೀಕ್ಷಿತ ಅಂಕ, ಹೊಂದಿಸಿದ ಅಂಕ. ಹುಟ್ಟಿದ ದಿನ ತಪ್ಪಿದ್ದರೆ ತಿಳಿಸಲು 7 ದಿನ. ತಿದ್ದುಪಡಿಗೆ ಜನನ ಪ್ರಮಾಣಪತ್ರ ಮಾತ್ರ, ಆಧಾರ್ ಬೇಡ, ಅದರಲ್ಲಿ ಎಷ್ಟೋ ದಿನಾಂಕಗಳು ಪೋಷಕರು ಬಾಯಲ್ಲಿ ಹೇಳಿದ್ದು. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣುವ ಹಾಗೆ ಗೋಡೆಗೆ ಪಟ್ಟಿ ಅಂಟಿಸಬೇಡಿ.

ಪಡುಬಿದ್ರಿ ಶನಿವಾರ:

ಕೊನೆಗೆ ಒಂದು: 40ನೇ ಸ್ಥಾನದಲ್ಲಿ ಇಬ್ಬರಿಗೆ ಸಮ ಬಂದರೆ ಕಿರಿಯರಿಗೆ ಕೊಡುವುದು ಅಂತ ಕರಡಿನಲ್ಲಿ ಬರೆದಿದ್ದೇವೆ. ಸರಿಯಾ?

ಮನೋಲೆಕ್ಕ:

ತಪ್ಪು. ವಯಸ್ಸನ್ನು ಆಗಲೇ ಒಮ್ಮೆ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಿ, ಮತ್ತೆ ಕೊಟ್ಟರೆ ಎರಡು ಸಲ ಆಯಿತು. ಕಚ್ಚಾ ಅಂಕ ನೋಡಿದರೂ ಅದೇ ತಪ್ಪು, ಅಲ್ಲಿ ದೊಡ್ಡವನಿಗೆ ಹೋಗುತ್ತದೆ. ಸಮ ಬಂದವರನ್ನು ಇಬ್ಬರನ್ನೂ ತೆಗೆದುಕೊಳ್ಳಿ. ಜಾಗ ಇಲ್ಲದಿದ್ದರೆ ಪೋಷಕರ ಎದುರು ಚೀಟಿ ಎತ್ತಿ. ಗೆರೆಯ ಕೆಳಗೆ 2 ಅಂಶದೊಳಗೆ ಇರುವವರ ಪಟ್ಟಿ ತೆಗೆದಿಡಿ, ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಾಲ್ಕೈದು ಮಕ್ಕಳು ಬಸ್ಸಿನ ತೊಂದರೆಯಿಂದ ಬಿಡುತ್ತಾರೆ, ಆಗ ಅವರನ್ನೇ ಕರೆಯಬಹುದು.